ಕುರಿಗೆ ನಡೆಯಲು ದಾರಿ, ರಾತ್ರಿ ನಿಲ್ಲಲು ಜಾಗ ಬರೆದಿಡಿ: ರೋಣದ ರೈತನೊಬ್ಬನ ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ, ಪಶುಸಂಗೋಪನಾ ಸಚಿವರಿಗೆ, ಉತ್ತರ ಕರ್ನಾಟಕದ ಎಲ್ಲ ಜಿಲ್ಲಾಧಿಕಾರಿಗಳಿಗೆ, ಹಾಗೇ ನನ್ನಂತೆ ಎರಿಹೊಲ (ಕಪ್ಪುಮಣ್ಣಿನ ಹೊಲ) ಇಟ್ಟುಕೊಂಡಿರುವ ರೈತ ಬಾಂಧವರಿಗೆ,

ನಮಸ್ಕಾರ.

ನಾನು ಗದಗ ಜಿಲ್ಲೆ ರೋಣ ತಾಲೂಕಿನವನು. ಒಕ್ಕಲುತನ ನಮ್ಮ ಕಸುಬು. ಮುಂಗಾರಿಗೆ ಹೆಸರು ಬಿತ್ತುತ್ತೇವೆ. ಹಿಂಗಾರಿಗೆ ಕಡಲೆ, ಬಿಳಿಜೋಳ, ಒಂದಿಷ್ಟು ಕುಸುಬೆ. ನಮ್ಮ ಮನೆಯಲ್ಲಿ ಕುರಿ ಇಲ್ಲ. ಆದರೂ ಕುರಿ ಕಾಯುವವರ ಬಗ್ಗೆ ಬರೆಯುತ್ತಿದ್ದೇನೆ. ನನ್ನ ಹೊಲದ ಮಣ್ಣು ಇಷ್ಟಾದರೂ ಜೀವ ಹಿಡಿದುಕೊಂಡಿದೆ ಅಂದರೆ ಅದರಲ್ಲಿ ಅವರ ಪಾಲಿದೆ. ತಮ್ಮ ಕಷ್ಟವನ್ನು ತಾವೇ ಬಂದು ಹೇಳಲಿ ಅನ್ನಬಹುದು. ಆದರೆ ಮಂದೆಯನ್ನು ಅಡವಿಯಲ್ಲಿ ಬಿಟ್ಟು ನಾಲ್ಕು ದಿನ ಕಚೇರಿಯ ಬಾಗಿಲಲ್ಲಿ ಕೂರೋಕೆ ಆಗಲ್ಲ ಅಲ್ವಾ?

2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಅಂತ ಘೋಷಿಸಿದೆ. ವಲಸೆ ಕುರಿಗಾಹಿಗಳ ಕಲ್ಯಾಣಕ್ಕೆ, ಅವರ ಮೇಲಿನ ದೌರ್ಜನ್ಯ ತಡೆಯುವುದಕ್ಕೆ ಅಂತ ನಮ್ಮ ಸರಕಾರ 2025ರಲ್ಲಿ ಮಸೂದೆಯನ್ನೂ ತಂದಿತು. ಎರಡೂ ಒಳ್ಳೆಯ ಕೆಲಸ. ಅಡವಿಯಲ್ಲಿ ಹೊಡೆತ ತಿಂದವನಿಗೆ, ರಾತ್ರೋರಾತ್ರಿ ಕುರಿ ಕಳಕೊಂಡವನಿಗೆ ಠಾಣೆಯಲ್ಲಿ ನ್ಯಾಯ ಸಿಗಲೇಬೇಕು. ಆದರೆ ಜಗಳ ಯಾಕೆ ಹುಟ್ಟುತ್ತಿದೆ ಅಂತ ನೋಡದೆ ಶಿಕ್ಷೆಯನ್ನಷ್ಟೇ ಬರೆದರೆ ಸಾಲದು. ನಡೆಯಲು ದಾರಿ ಇಲ್ಲದ ಕಡೆ, ರಾತ್ರಿ ನಿಲ್ಲಲು ಜಾಗ ಇಲ್ಲದ ಕಡೆ, ನೀರಿಗೆ ಇಳಿಯಲು ಬಿಡದ ಕಡೆ ಜಗಳ ಹುಟ್ಟುತ್ತಿದೆ. ನಾನು ಕೇಳುವುದು ಆ ದಾರಿ ಮತ್ತು ಜಾಗದ ಬಗ್ಗೆ.

ಪೇಟೆಯಲ್ಲಿ ಬೆಳೆದವರಿಗೆ ಕುರಿ ತರುಬಿಸುವುದು ಗೊತ್ತಿರಲಿಕ್ಕಿಲ್ಲ. ಸ್ವಲ್ಪ ಹೇಳುತ್ತೇನೆ. ಕಡಲೆ ಕಿತ್ತು ಹೊಲ ಖಾಲಿಯಾದ ಮೇಲೆ ಮಂದೆಯವರನ್ನು ಕರೆಸುತ್ತೇವೆ. ಹಗಲೆಲ್ಲ ಕುರಿ ಸುತ್ತಲಿನ ಹೊಲಗಳಲ್ಲಿ ಕೂಳೆ, ಉದುರಿದ ಸೊಪ್ಪು, ಬದುವಿನ ಹುಲ್ಲು ಮೇಯುತ್ತವೆ. ಹೊತ್ತು ಮುಳುಗುವ ಮುಂಚೆ ಹೆಣ್ಣುಮಕ್ಕಳು ಹೊಲದಲ್ಲಿ ಗೂಟ ನೆಟ್ಟು ಬಲೆ ಕಟ್ಟಿರುತ್ತಾರೆ. ಮಂದೆ ದೂರದಲ್ಲಿ ಕಂಡ ಕೂಡಲೇ ಮರಿಗಳು ಒದರಲು ಶುರು ಮಾಡುತ್ತವೆ. ತಾಯಿ ಕುರಿಗಳು ಅಲ್ಲಿಂದಲೇ ಓಗೊಡುತ್ತವೆ. ಒಂದು ಗಳಿಗೆ ಯಾರ ಮಾತು ಯಾರಿಗೂ ಕೇಳುವುದಿಲ್ಲ. ಅಷ್ಟು ಗದ್ದಲದಲ್ಲೂ ಒಂದೊಂದು ಮರಿ ತನ್ನ ತಾಯಿಯನ್ನೇ ಹುಡುಕಿಕೊಂಡು ಹೋಗಿ ಕೆಚ್ಚಲಿಗೆ ಬಾಯಿ ಹಾಕುತ್ತದೆ. ತಾಯಿ ಸಿಗದ ಮರಿಯನ್ನು ಆ ಮನೆಯ ಹೆಂಗಸು ಎತ್ತಿಕೊಂಡು, ಹಾಲು ಜಾಸ್ತಿ ಇರುವ ಬೇರೆ ಕುರಿಗೆ ಹಿಡಿಯುತ್ತಾಳೆ. ಆಮೇಲೆ ಮಂದೆಯೆಲ್ಲ ಬಲೆಯೊಳಗೆ. ನಡುರಾತ್ರಿ ಒಬ್ಬ ಎದ್ದು ಕುರಿಗಳನ್ನು ಎಬ್ಬಿಸಿ ಜಾಗ ಬದಲಿಸುತ್ತಾನೆ. ಎದ್ದ ಕುರಿ ಹಿಕ್ಕೆ ಹಾಕುತ್ತದೆ, ಉಚ್ಚೆ ಹೊಯ್ಯುತ್ತದೆ. ಗೊಬ್ಬರ ಒಂದೇ ಕಡೆ ಬೀಳದೆ ಹೊಲದ ತುಂಬ ಬೀಳಲಿ ಅಂತ ಈ ನಿದ್ದೆಗೇಡು. ಮರುದಿನ ಬಲೆ ಪಕ್ಕದ ಪಟ್ಟಿಗೆ ಸರಿಯುತ್ತದೆ. ಹೀಗೆ ಇಡೀ ಹೊಲ ಮುಗಿಯುತ್ತದೆ.

ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. 0.5ರಿಂದ 1ರಷ್ಟು ಇದ್ದರೆ ಕುರಿ ಗೊಬ್ಬರದಲ್ಲಿ ಶೇ. 3ರ ಹತ್ತಿರ ಇರುತ್ತದೆ. ಕೊಟ್ಟಿಗೆಯಲ್ಲಿ ಹರಿದು ಹೋಗುವ ಉಚ್ಚೆಯೂ ಇಲ್ಲಿ ನೇರವಾಗಿ ಮಣ್ಣಿಗೆ ಸೇರುತ್ತದೆ. ಗಾಡಿ ಬಾಡಿಗೆ ಇಲ್ಲ, ಹರವುವ ಆಳಿನ ಕೂಲಿ ಇಲ್ಲ. ಮನೆಮನೆಯಲ್ಲಿ ಎತ್ತು ಇದ್ದ ಕಾಲದಲ್ಲೇ ರೈತರು ಕುರಿ ತರುಬಿಸುತ್ತಿದ್ದರು. ಈಗ ನಮ್ಮೂರಲ್ಲಿ ಎತ್ತಿನ ಜೋಡಿ ಬೆರಳೆಣಿಕೆಯಷ್ಟು ಉಳಿದಿವೆ, ಉಳುಮೆಯೆಲ್ಲ ಟ್ರ್ಯಾಕ್ಟರಿನದು. ತಿಪ್ಪೆ ಬರಿದಾಗಿರುವ ಈ ಹೊತ್ತಿನಲ್ಲಿ ಮಂದೆ ನಮಗೆ ಮೊದಲಿಗಿಂತ ಜಾಸ್ತಿ ಬೇಕು. ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ಸಾವಯವ ಇಂಗಾಲ ಕಡಿಮೆ ಅಂತ ಬರೆದುಕೊಟ್ಟು, ಸಾವಯವ ಗೊಬ್ಬರ ಹಾಕಿ ಅಂತ ಇಲಾಖೆಯವರೇ ಹೇಳುತ್ತಾರೆ. ಆ ಗೊಬ್ಬರ ನಾಲ್ಕು ಕಾಲಿನ ಮೇಲೆ ನಡೆದುಕೊಂಡು ಬಂದಾಗ ಅದಕ್ಕೆ ದಾರಿ ಮಾತ್ರ ಇಲ್ಲ.

ನಮ್ಮ ಕಡೆ ಬರುವ ಮಂದೆಗಳು ಬೆಳಗಾವಿ, ಬಾಗಲಕೋಟೆ, ಕೊಪ್ಪಳ ಜಿಲ್ಲೆಗಳವು. ಹೆಚ್ಚಿನವರು ಹಾಲುಮತದವರು, ಅಂದರೆ ಕುರುಬರು. ಎಲ್ಲರ ದಾರಿಯೂ ಒಂದೇ ಅಲ್ಲ, ಆದರೆ ಲೆಕ್ಕ ಒಂದೇ. ಮಳೆಗಾಲದಲ್ಲಿ ಎರಿಮಣ್ಣು ಗೊರಸಿಗೆ ಮೆತ್ತಿ ಕುರಿಯ ಕಾಲು ಕೊಳೆಯುತ್ತದೆ. ಆಗ ಮಸಾರಿ (ಕೆಂಪುಮಣ್ಣಿನ) ನೆಲ, ಗುಡ್ಡದ ಓರೆ ಬೇಕು. ಮಳೆ ಮುಗಿದು ಭತ್ತದ ಕೊಯ್ಲಾದಾಗ ಕೆಲವರು ಧಾರವಾಡ, ಕಲಘಟಗಿ, ಹಳಿಯಾಳದ ಗದ್ದೆಗಳ ಕಡೆ ಹೋಗುತ್ತಾರೆ. ಹಿಂಗಾರಿ ಫಸಲು ಮನೆ ಸೇರುವಾಗ ನಮ್ಮ ಎರಿಸೀಮೆಗೆ ತಿರುಗುತ್ತಾರೆ. ಮುಂಗಾರಿನ ಮೊದಲ ಮಳೆ ಬೀಳುವ ಮುಂಚೆ ಹೊಲ ಬಿಟ್ಟುಕೊಟ್ಟು ತಮ್ಮ ಊರ ಕಡೆ ಹೊರಡುತ್ತಾರೆ. ಒಕ್ಕಲಿಗನ ಸುಗ್ಗಿ ಮುಗಿದಲ್ಲಿ ಕುರಿಗಾಹಿಯ ಸುಗ್ಗಿ ಶುರು. ಒಬ್ಬರ ಬೆಳೆಗೆ ಇನ್ನೊಬ್ಬರು ಅಡ್ಡ ಬರದ ಹಾಗೆ ತಲೆಮಾರುಗಳಿಂದ ನಡೆದುಬಂದ ಕಟ್ಟು ಇದು.

ಈ ಲೆಕ್ಕವನ್ನು ಕೆಡಿಸಿದವರು ಕುರಿಗಾಹಿಗಳಲ್ಲ. ನಾವು ಒಕ್ಕಲಿಗರು, ನಮ್ಮ ಹಿಂದೆ ನಿಂತ ಸರಕಾರದ ನೀತಿಗಳು. ಕಾಲುವೆ ನೀರು ಬಂದ ಕಡೆ ಹೊಲ ಖಾಲಿ ಇರುವ ತಿಂಗಳುಗಳೇ ಕಡಿಮೆಯಾದವು. ಬೆಳಗಾವಿ, ಬಾಗಲಕೋಟೆಯ ನದಿ ದಂಡೆಗಳಲ್ಲಿ ಕಬ್ಬು ಹಬ್ಬಿತು. ಕಬ್ಬು ವರ್ಷಪೂರ್ತಿ ನಿಂತಿರುವ ಬೆಳೆ, ಅಲ್ಲಿ ಕುರಿಗೆ ಕಾಲಿಡುವಂತಿಲ್ಲ. ಕಟಾವಾದ ಮೇಲೆ ರವದಿಗೆ, ಅಂದರೆ ಕಬ್ಬಿನ ಒಣ ಗರಿಗೆ, ಬೆಂಕಿ ಕೊಡುತ್ತೇವೆ. ಜೋಳ ಕಡಿಮೆಯಾಗಿ ಕಡಲೆ ಜಾಸ್ತಿಯಾಯಿತು. ಹಾವೇರಿ, ದಾವಣಗೆರೆ ಕಡೆ ಮೆಕ್ಕೆಜೋಳ ಬಂತು. ಮೆಕ್ಕೆಜೋಳದ ಹೊಲದಲ್ಲಿ ಉದುರಿದ ತೆನೆಯನ್ನು ಕುರಿ ಹಸಿದು ಒಮ್ಮೆಲೇ ತಿಂದರೆ ಹೊಟ್ಟೆಯಲ್ಲಿ ಹುಳಿ ಏರಿ ಸಾಯುತ್ತದೆ. ಕೊಯ್ಲಿಗೆ ಮಷಿನ್ ಬಂತು. ಮಷಿನ್ ಹೋದ ಹಿಂದೆಯೇ ರೋಟಾವೇಟರ್ ಹೊಡೆಸಿದರೆ ಕೂಳೆಯೂ ಇಲ್ಲ, ಹೊಟ್ಟೂ ಇಲ್ಲ. ಬದುವಿನ ಜಾಲಿ, ಬನ್ನಿ ಕಡಿದೆವು. ದಾಳಿಂಬೆ, ದ್ರಾಕ್ಷಿ ಹಾಕಿದವರು ತಂತಿ ಬೇಲಿ ಎಳೆದರು. ಹೊಲದ ನಡುವಿನ ಬಂಡಿ ದಾರಿಗಳನ್ನು ಎರಡೂ ಕಡೆಯವರು ಒಂದೊಂದು ಸಾಲು ಉಳುತ್ತಾ ಉಳುತ್ತಾ ನುಂಗಿದರು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಕಳೆನಾಶಕ. ಆಳು ಸಿಗುವುದಿಲ್ಲ, ಕಳೆ ತೆಗೆಸಲು ದುಡ್ಡು ಸಾಲುವುದಿಲ್ಲ, ಅದು ನನಗೂ ಗೊತ್ತು. ಆದರೆ ಬದುವಿಗೂ ಹೊಡೆಯುತ್ತಿದ್ದೇವೆ. ಹೆಸರು ಒಂದೇ ಸಮ ಒಣಗಲಿ, ಮಷಿನ್ನಿಗೆ ಸಲೀಸಾಗಲಿ ಅಂತ ಕೊಯ್ಲಿಗೆ ಮುಂಚೆ ಬೆಳೆಯ ಮೇಲೆಯೇ ಹೊಡೆಯುವವರೂ ಇದ್ದಾರೆ. ಪ್ಯಾರಾಕ್ವಾಟ್‌ನಂಥ ಔಷಧಿಗೆ ಮನುಷ್ಯರಲ್ಲೇ ಪ್ರತಿಮದ್ದು ಇಲ್ಲ. ಮೊದಲೆಲ್ಲ ಮಂದೆಯ ಹಿರಿಯ ಫೋನ್ ಮಾಡಿದರೆ ಕೇಳುತ್ತಿದ್ದುದು ಒಂದೇ ಮಾತು: "ಅಣ್ಣಾರ, ಕಡ್ಲಿ ಕಿತ್ತ್ರೇನ್ರೀ?" ಈಗ ಅದರ ಬೆನ್ನಿಗೇ ಇನ್ನೊಂದು ಕೇಳುತ್ತಾರೆ: "ಎಣ್ಣಿ ಏನರ ಹೊಡ್ದೀರೇನ್ರೀ? ಬಾಜೂಕಿನ ಹೊಲದವ್ರು?" ಎಣ್ಣಿ ಅಂದರೆ ನಮ್ಮ ಕಡೆ ಹೊಲಕ್ಕೆ ಹೊಡೆಯುವ ಔಷಧಿ. ಪಕ್ಕದವರದ್ದನ್ನು ನಾನು ಹೇಗೆ ಹೇಳಲಿ? ವಿಚಾರಿಸಿ ಹೇಳುತ್ತೇನೆ ಅನ್ನುತ್ತೇನೆ. ಅಲ್ಲಿಯವರೆಗೆ ನೂರಾರು ಜೀವ ರಸ್ತೆ ಬದಿಯಲ್ಲಿ ಕಾಯಬೇಕು.

ಇಷ್ಟು ಬದಲಾವಣೆಯ ನಡುವೆ ಅವರು ಸುಮ್ನೆ ಕೂತಿಲ್ಲ. ಹಳೇ ಕಾಲದವರು, ಕಾಲಕ್ಕೆ ತಕ್ಕಂತೆ ಬದಲಾಗದವರು ಅಂತ ಅವರ ಬಗ್ಗೆ ಒಂದು ಮಾತಿದೆ. ನಾನು ಕಂಡದ್ದು ಇದರ ಪೂರಾ ಉಲ್ಟಾ. ನನಗೆ ಗೊತ್ತಿರುವ ಕಸುಬುಗಳಲ್ಲಿ ಇವರಷ್ಟು ಬೇಗ ಬದಲಾದವರು ಯಾರೂ ಇಲ್ಲ.

ತಳಿಯನ್ನೇ ನೋಡಿ. ಮೊದಲು ಮಂದೆಯ ತುಂಬ ಕರಿ ಡೆಕ್ಕನಿ ಕುರಿ. ಒರಟು ಉಣ್ಣೆ, ಕಂಬಳಿಗೆ ಹೇಳಿ ಮಾಡಿಸಿದ್ದು. ಮೇಡ್ಲೇರಿ, ಚಳ್ಳಕೆರೆ ಕಡೆಯ ಮಗ್ಗಗಳು ಈ ಉಣ್ಣೆಯ ಮೇಲೆ ಬದುಕಿದ್ದವು. ಪಾಣಿಪತ್ತಿನ ಅಗ್ಗದ ಹೊದಿಕೆಗಳು ಬಂದ ಮೇಲೆ ಕಂಬಳಿ ಕೇಳುವವರು ಕಮ್ಮಿಯಾದರು. ಉಣ್ಣೆ ಕತ್ತರಿಸುವ ಕೂಲಿಯೂ ಉಣ್ಣೆಯಲ್ಲಿ ಹುಟ್ಟದಂತಾಯಿತು. ಮಾಂಸದ ಬೆಲೆ ಮಾತ್ರ ಏರುತ್ತಲೇ ಹೋಯಿತು. ಆಗ ಇವರು ಯಳಗ, ಕೆಂಗುರಿ ಕಡೆ ತಿರುಗಿದರು. ಯಳಗ ಉದ್ದ ಕಾಲಿನದು, ಚೆನ್ನಾಗಿ ನಡೆಯುತ್ತದೆ, ಟಗರಿಗೆ ಒಳ್ಳೆ ತೂಕ. ಅಮೀನಗಡದ ಕುರಿ ಸಂತೆಗೆ ಒಮ್ಮೆ ಹೋಗಿ ನೋಡಿ, ಅಲ್ಲಿ ಕರಿ ಕುರಿ ಎಷ್ಟು, ಉಳಿದ ಬಣ್ಣ ಎಷ್ಟು ಅಂತ. ಯಾವ ಇಲಾಖೆಯೂ ಹೇಳದೆ, ಯಾವ ತರಬೇತಿಯೂ ಇಲ್ಲದೆ ಇಡೀ ಸೀಮೆಯ ತಳಿ ಬದಲಿಸಿದ ಜನ ಇವರು. ಇದರಲ್ಲಿ ಕಳಕೊಂಡದ್ದೂ ಇದೆ. ಡೆಕ್ಕನಿ ಬರಗಾಲ ತಾಳುವ ಕುರಿ. ಅದು ಪೂರಾ ಹೋಗಿಬಿಟ್ಟರೆ ನಾಳೆ ಬೇಕೆಂದಾಗ ಸಿಗುವುದಿಲ್ಲ. ಹಾಗಾಗಿ ಉಣ್ಣೆ ಕೊಳ್ಳುವ ಒಂದು ಖಾತ್ರಿ ವ್ಯವಸ್ಥೆಯನ್ನು ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಮಾಡಲಿ ಅಂತ ಇಲ್ಲೇ ಕೇಳಿಬಿಡುತ್ತೇನೆ.

ಕುದುರೆಯ ಮೇಲೆ ಹೇರುತ್ತಿದ್ದ ಸಾಮಾನನ್ನು ಈಗ ಹಲವರು ಸಣ್ಣ ಗೂಡ್ಸ್ ಗಾಡಿಯಲ್ಲಿ ಮುಂದೆ ಕಳಿಸುತ್ತಾರೆ. ಒಬ್ಬ ಬೈಕಿನಲ್ಲಿ ಮುಂದಿನ ಊರಿಗೆ ಹೋಗಿ ನೀರು, ಮೇವು, ಔಷಧಿ ಹೊಡೆದ ಹೊಲ ಯಾವುದು ಅಂತ ನೋಡಿಕೊಂಡು ಬರುತ್ತಾನೆ. ನೂಲಿನ ಬಲೆ ಹೋಗಿ ನೈಲಾನ್ ಬಂದಿದೆ. ಫೋನ್ ಚಾರ್ಜಿಗೆ ಕುದುರೆಯ ಬೆನ್ನ ಮೇಲೆ ಸೋಲಾರ್ ತಟ್ಟೆ ಕಟ್ಟಿದವರನ್ನೂ ನೋಡಿದ್ದೇನೆ. ಇಡೀ ಮನೆಮಂದಿ ಅಡವಿ ತಿರುಗುತ್ತಿದ್ದುದು ಹೋಗಿ, ಮಕ್ಕಳ ಶಾಲೆಗೆ ಅಂತ ಒಬ್ಬ ಅಣ್ಣನೋ ಅಜ್ಜಿಯೋ ಊರಲ್ಲಿ ಉಳಿಯುತ್ತಾರೆ. ಲೆಕ್ಕಾಚಾರವೂ ತಿರುಗಿದೆ. ಮೊದಲು ಹೊಲದವನು ಜೋಳ ಅಳೆದು ಕೊಡುತ್ತಿದ್ದ, ಆಮೇಲೆ ರಾತ್ರಿಗೆ ಇಷ್ಟು ಅಂತ ರೊಕ್ಕ ಕೊಡುವುದಾಯಿತು. ನೀರಾವರಿ ಸೀಮೆಯ ಕೆಲವು ಕಡೆ ಈಗ ಕುರಿಗಾಹಿಯೇ ದುಡ್ಡು ಕೊಟ್ಟು ಕೂಳೆ ಮೇಯಿಸಬೇಕು. ಗೊಬ್ಬರ ಕೊಟ್ಟವನೇ ಬಾಡಿಗೆಯನ್ನೂ ಕೊಡಬೇಕಾಗಿ ಬಂದಿದೆ. ಅದಕ್ಕೂ ಒಪ್ಪಿಕೊಂಡು ಹೋಗುತ್ತಿದ್ದಾರೆ.

ಬೆಳೆ ಓದುವುದರಲ್ಲಂತೂ ಅವರನ್ನು ಮೀರಿಸಿದವರಿಲ್ಲ. ಯಾವ ಕಾಲುವೆಗೆ ಯಾವಾಗ ನೀರು ಬಿಟ್ಟರು, ಯಾವ ಊರಲ್ಲಿ ಬಿತ್ತನೆ ಹಿಂದೆ ಬಿದ್ದಿದೆ, ಎಲ್ಲಿ ಮಷಿನ್ ಬಂದಿದೆ, ಎಲ್ಲವೂ ಬಾಯಲ್ಲೇ ಇರುತ್ತದೆ. ನೀರು ಸಾಲದೆ ಬಾಡಿದ ಎಳೇ ಜೋಳ, ಕೊಯ್ದ ಮೇಲೆ ಚಿಗುರಿದ ಕುಡಿ ಕುರಿಗೆ ವಿಷ. ಅಂಥ ಹೊಲ ಎದುರಾದರೆ ಮಂದೆಯನ್ನು ಎಷ್ಟು ದೂರ ಸುತ್ತಿಸಬೇಕು, ಮಳೆಯಾಗಿ ಎಷ್ಟು ದಿನದ ಮೇಲೆ ಒಳಗೆ ಬಿಡಬಹುದು ಅನ್ನುವುದು ಹದಿನೈದರ ಹುಡುಗನಿಗೂ ಗೊತ್ತು.

2019ರ ಜಾನುವಾರು ಗಣತಿಯಲ್ಲಿ ನಮ್ಮ ರಾಜ್ಯದ ಕುರಿಗಳು 1 ಕೋಟಿ 10 ಲಕ್ಷ ದಾಟಿವೆ. 2012ರಲ್ಲಿ 96 ಲಕ್ಷದ ಹತ್ತಿರ ಇದ್ದವು. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಮ್ಮಲ್ಲೇ ಜಾಸ್ತಿ. ಮೇಯುವ ನೆಲ ಕುಗ್ಗುತ್ತಿರುವಾಗ ಕುರಿ ಹೆಚ್ಚಾಗಿವೆ ಅಂದರೆ, ಬದಲಾದ ಒಕ್ಕಲುತನದ ಸಂದಿಗೊಂದಿಯಲ್ಲಿ ಈ ಜನ ದಾರಿ ಹುಡುಕಿಕೊಂಡಿದ್ದಾರೆ ಅಂತಲೇ ಅರ್ಥ.

ಆದರೆ ಅವರ ಜಾಣತನಕ್ಕೆ ನಿಲುಕದ್ದು ಒಂದಿದೆ, ನಿಮ್ಮ ದಾಖಲೆ. ಅದು ಬದಲಾಗಿಲ್ಲ.

ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 71ನೇ ಕಲಂ ಗೋಮಾಳ ಮೀಸಲಿಡುವ ಅಧಿಕಾರ ಕೊಡುತ್ತದೆ. 1966ರ ನಿಯಮಗಳಲ್ಲಿ 97ನೇ ನಿಯಮ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ 30 ಎಕರೆ ಅಂತ ಅಳತೆಯನ್ನೂ ಹೇಳುತ್ತದೆ. ಆಮೇಲೆ 72ನೇ ಕಲಂ ಬರುತ್ತದೆ. ಗೋಮಾಳದಲ್ಲಿ ಮೇಯಿಸುವ ಹಕ್ಕು ಆ ಊರಿನ ದನಗಳಿಗೆ ಮಾತ್ರ ಅನ್ನುತ್ತದೆ ಅದು. ನಡೆದುಕೊಂಡು ಬಂದ ಮಂದೆಗೆ ಆ ಊರಿನ ನೆಲದಲ್ಲಿ ಒಂದು ರಾತ್ರಿಯ ಹಕ್ಕೂ ಇಲ್ಲ. ವರ್ಷದಲ್ಲಿ ಎಂಟು ತಿಂಗಳು ಬೇರೆಯವರ ಊರಲ್ಲೇ ಇರುವ ಜನಕ್ಕೆ ಇದರ ಅರ್ಥ ಏನು ಅಂತ ಯೋಚಿಸಿ. ಅವರದೇ ಊರಿನ ಗೋಮಾಳವಾದರೂ ಉಳಿದಿದೆಯಾ ಅಂದರೆ ಅದೂ ಇಲ್ಲ. ಬಗರ್ ಹುಕುಂ ಸಕ್ರಮ, ಆಶ್ರಯ ನಿವೇಶನ, ಕಸದ ಗುಂಡಿ, ಯಾವುದಕ್ಕೆ ಜಾಗ ಬೇಕಾದರೂ ಮೊದಲು ನೆನಪಾಗುವುದು ಗೋಮಾಳವೇ.

ದೊಡ್ಡ ಯೋಜನೆಗಳ ಮಾತು ಬೇರೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನ, ಅಂದರೆ ಹಳೇ ಮೀಸಲು ಹುಲ್ಲುಗಾವಲಿನ, ಸಾವಿರಾರು ಎಕರೆ ರಕ್ಷಣೆ, ವಿಜ್ಞಾನ, ಅಣುಶಕ್ತಿಯ ಸಂಸ್ಥೆಗಳಿಗೆ ಹೋಯಿತು. ಗೋಡೆ ಎದ್ದಾಗ ಸುತ್ತಲ ಊರುಗಳ ಕುರಿ ಹೊರಗೆ ಉಳಿದವು. ಪಾವಗಡದಲ್ಲಿ 13 ಸಾವಿರ ಎಕರೆಯ ಸೋಲಾರ್ ಪಾರ್ಕ್ ಆಯಿತು. 2,050 ಮೆಗಾವ್ಯಾಟ್ ವಿದ್ಯುತ್ತು ನಾಡಿಗೆ ಬರುತ್ತಿದೆ, ಒಳ್ಳೆಯದೇ. ಹೊಲ ಇದ್ದವರಿಗೆ ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರುವಾದ ಬಾಡಿಗೆಯೂ ಸಿಗುತ್ತಿದೆ. ಆದರೆ ಅದೇ ಹೊಲಗಳಲ್ಲಿ ಬೆಳೆ ಇಲ್ಲದಾಗ ಕುರಿ ಮೇಯಿಸುತ್ತಿದ್ದ ಭೂಮಿ ಇಲ್ಲದವನಿಗೆ ಯಾವ ಬಾಡಿಗೆ? ಅವನ ಹೆಸರು ಪಹಣಿಯಲ್ಲಿ ಇರಲಿಲ್ಲ. ಹಾಗಾಗಿ ಅವನು ಏನನ್ನೋ ಕಳಕೊಂಡ ಅಂತಲೂ ಯಾರಿಗೂ ಅನ್ನಿಸಲಿಲ್ಲ. ಈಗ ನಮ್ಮ ಗದಗ, ಕೊಪ್ಪಳದ ಕಡೆಯೂ ಗಾಳಿ, ಬಿಸಿಲಿನ ಕಂಪನಿಗಳು ಜಮೀನು ಕೇಳುತ್ತಿವೆ. ಫಲಕಗಳ ನಡುವೆ ಬೆಳೆಯುವ ಹುಲ್ಲನ್ನು ಕುರಿಗೆ ಬಿಡುವುದು ಅಮೆರಿಕ, ಆಸ್ಟ್ರೇಲಿಯಾದಲ್ಲಿ ನಡೆಯುತ್ತಿದೆ. ಇಲ್ಲಿ ಗುತ್ತಿಗೆ ಪತ್ರ ಬರೆಯುವಾಗಲೇ ಈ ಷರತ್ತನ್ನೂ ಬರೆಸಿ. ಆಮೇಲೆ ಕೇಳಿದರೆ ಕಾವಲುಗಾರ ಗೇಟು ತೆಗೆಯುವುದಿಲ್ಲ.

ಕಪ್ಪತಗುಡ್ಡದ ಮಾತು ಎತ್ತದಿದ್ದರೆ ಈ ಪತ್ರ ಪೂರ್ತಿಯಾಗದು. ಗಣಿಯಿಂದ ಆ ಗುಡ್ಡ ಉಳಿಯಬೇಕು ಅಂತ ಜಿಲ್ಲೆಯ ಜನ ಒಟ್ಟಾಗಿ ನಿಂತರು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಅದರಲ್ಲಿ ನನಗೆ ಸಂತೋಷವೇ. ಆದರೆ ಮಳೆಗಾಲದಲ್ಲಿ ಎರಿಯಿಂದ ಕುರಿ ಹತ್ತಬೇಕಾದ್ದು ಇಂಥ ಗುಡ್ಡಗಳಿಗೇ. 2006ರ ಅರಣ್ಯ ಹಕ್ಕು ಕಾಯ್ದೆ ಅಲೆಮಾರಿ ಪಶುಪಾಲಕರ ಹಂಗಾಮಿನ ಮೇವಿನ ಹಕ್ಕನ್ನು 3ನೇ ಕಲಮಿನಲ್ಲಿ ಹೆಸರಿಟ್ಟೇ ಹೇಳುತ್ತದೆ. ಅಭಯಾರಣ್ಯವನ್ನೂ ಅದು ಹೊರಗಿಟ್ಟಿಲ್ಲ. ಪರಿಶಿಷ್ಟ ಪಂಗಡಕ್ಕೆ ಸೇರದವರು ಮಾತ್ರ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ನೆಲೆಸಿದ್ದಕ್ಕೆ ಸಾಕ್ಷಿ ಕೊಡಬೇಕು. ಅಜ್ಜನ ಕಾಲದಿಂದ ನಡೆಯುತ್ತಲೇ ಇದ್ದವನು ನೆಲೆಸಿದ್ದಕ್ಕೆ ಎಲ್ಲಿಂದ ಸಾಕ್ಷಿ ತಂದಾನು? ಗುಡ್ಡದ ಊರುಗಳ ಹಿರಿಯರ ಹೇಳಿಕೆ, ಕುರಿ ತರುಬಿಸಿದ ರೈತರ ಹೇಳಿಕೆ ಇವುಗಳನ್ನೇ ಸಾಕ್ಷಿ ಅಂತ ಹಿಡಿಯಲು ಗ್ರಾಮಸಭೆಗಳಿಗೆ ತಿಳಿಸಿ. ಕರೆದರೆ ನಾನೇ ಬಂದು ಹೇಳುತ್ತೇನೆ.

ಕುರಿ ಸತ್ತಾಗಲೂ ಇದೇ ಕತೆ. ಅನುಗ್ರಹ ಯೋಜನೆಯಲ್ಲಿ ಸತ್ತ ಕುರಿಗೆ ಕೊಡುವ ಪರಿಹಾರವನ್ನು 2025ರ ಬಜೆಟ್ಟಿನಲ್ಲಿ 5,000ದಿಂದ 7,500 ರೂಪಾಯಿಗೆ ಏರಿಸಿದಿರಿ. ದೊಡ್ಡ ಉಪಕಾರ. ಆದರೆ ಪರಿಹಾರ ಸಿಗಬೇಕಾದರೆ ಪಶುವೈದ್ಯರು ಬಂದು ಶವಪರೀಕ್ಷೆ ಮಾಡಿ ಬರೆದುಕೊಡಬೇಕು. ಗೋಕಾಕಿನ ಕುರಿ ರೋಣದ ಅಡವಿಯಲ್ಲಿ ಸತ್ತರೆ ಇಲ್ಲಿಯ ಕಚೇರಿಯಲ್ಲಿ ನೀವು ನಮ್ಮ ತಾಲೂಕಿನವರಲ್ಲ ಅನ್ನುತ್ತಾರೆ, ಅಲ್ಲಿಯ ಕಚೇರಿಯಲ್ಲಿ ಕುರಿ ಎಲ್ಲಿ ಅಂತ ಕೇಳುತ್ತಾರೆ. ನಾನೇ ಒಮ್ಮೆ ಜೊತೆಗೆ ಹೋಗಿ ಇದನ್ನು ಕಿವಿಯಾರೆ ಕೇಳಿದ್ದೇನೆ. ಬೇಸಿಗೆಯಲ್ಲಿ ಸತ್ತ ಕುರಿಯನ್ನು ಎಷ್ಟು ಹೊತ್ತು ಇಟ್ಟುಕೊಂಡು ಕೂರುವುದು? ಲಸಿಕೆಯೂ ಹಾಗೇ. ಪಿಪಿಆರ್, ಕರುಳು ಬೇನೆ, ನೀಲಿ ನಾಲಿಗೆ, ಸಿಡುಬು ಎಲ್ಲದಕ್ಕೂ ಹೊತ್ತಿಗೆ ಸರಿಯಾಗಿ ಲಸಿಕೆ ಬೀಳಬೇಕು. ಅಭಿಯಾನ ಊರಿಗೆ ಬಂದಾಗ ಮಂದೆ ನೂರು ಕಿಲೋಮೀಟರ್ ಆಚೆ ಇರುತ್ತದೆ. ಕೊನೆಗೆ ಮೆಡಿಕಲ್ ಅಂಗಡಿಯಲ್ಲಿ ಔಷಧಿ ಕೊಂಡು ತಾವೇ ಚುಚ್ಚುತ್ತಾರೆ. ಈಗ ರೇಷನ್ ಕಾರ್ಡ್ ಯಾವ ಊರಿನದಾದರೂ ಯಾವ ಅಂಗಡಿಯಲ್ಲಾದರೂ ಅಕ್ಕಿ ಸಿಗುತ್ತದೆ. ಮನುಷ್ಯರಿಗೆ ಮಾಡಿದ್ದನ್ನು ಕುರಿಗೂ ಮಾಡಿ. ರಾಜ್ಯದ ಯಾವ ಪಶು ಆಸ್ಪತ್ರೆಯಲ್ಲಾದರೂ ಲಸಿಕೆ, ಶವಪರೀಕ್ಷೆ, ಅರ್ಜಿ ಆಗುವಂತೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು.

ದಾರಿಯ ವಿಷಯಕ್ಕೆ ಬರುತ್ತೇನೆ. ಹಿಮಾಚಲದಲ್ಲಿ ಗದ್ದಿ ಕುರಿಗಾಹಿಗಳಿಗೆ ಅರಣ್ಯ ಇಲಾಖೆಯ ಮೇವಿನ ಪರವಾನಗಿ ಇದೆ. ಯಾವ ಕಡೆಯಿಂದ ಹೋಗಬೇಕು, ಎಲ್ಲಿ ಮೇಯಿಸಬೇಕು ಅನ್ನುವುದು ಕಾಗದದಲ್ಲಿದೆ. ಸ್ಪೇನ್ ದೇಶ 1995ರಲ್ಲಿ ಕಾನೂನು ಮಾಡಿ ಹಳೆಯ ಕುರಿದಾರಿಗಳನ್ನು ಮಾರಲಾಗದ ಸಾರ್ವಜನಿಕ ಆಸ್ತಿಯಾಗಿ ಕಾಪಾಡಿದೆ. ನಮ್ಮಲ್ಲಿ ಅಷ್ಟು ದೊಡ್ಡ ಕಾನೂನಿಗೆ ಕಾಯಬೇಕಾಗಿಲ್ಲ. 71ನೇ ಕಲಮಿನಲ್ಲೇ ಗೋಮಾಳದ ಜೊತೆಗೆ 'ಇತರ ಸಾರ್ವಜನಿಕ ಉದ್ದೇಶ'ಕ್ಕೂ ಸರಕಾರಿ ಜಮೀನು ಮೀಸಲಿಡಬಹುದು ಅಂತಿದೆ. ಹಳ್ಳದ ದಂಡೆ, ಕೆರೆ ಅಂಗಳ, ಕಾಲುವೆ ಪಕ್ಕ, ಉಳಿದಿರುವ ಗೋಮಾಳದ ತುಂಡು ಇವುಗಳಲ್ಲಿ ಮಂದೆ ಒಂದೆರಡು ರಾತ್ರಿ ನಿಲ್ಲುವ ತಾಣಗಳನ್ನು ಜಿಲ್ಲಾಧಿಕಾರಿ ಗುರುತಿಸಬಹುದು. ದಿನಕ್ಕೆ ನಡೆಯುವ ದೂರಕ್ಕೆ ಒಂದು ತಾಣ, ಒಂದು ನೀರಿನ ತೊಟ್ಟಿ. ನಕಾಶೆಯಲ್ಲಿರುವ ಬಂಡಿ ದಾರಿಗಳನ್ನು ಒತ್ತುವರಿಯಿಂದ ಬಿಡಿಸಿದರೆ ಅರ್ಧ ಕುರಿದಾರಿ ಅಲ್ಲೇ ಸಿಗುತ್ತದೆ. ಅದರಿಂದ ನಮಗೂ ಹೊಲಕ್ಕೆ ಹೋಗಲು ದಾರಿಯಾಗುತ್ತದೆ. ಈಗ ಬೇರೆ ದಾರಿ ಇಲ್ಲದೆ ಮಂದೆ ಹೆದ್ದಾರಿಯಲ್ಲಿ ನಡೆಯುತ್ತಿದೆ, ಬೆಳಗಿನ ಜಾವ ಲಾರಿಗೆ ಸಿಕ್ಕಿ ಸಾಲಾಗಿ ಸಾಯುತ್ತಿದೆ. 72ನೇ ಕಲಮಿಗೂ ಒಂದು ಸಣ್ಣ ತಿದ್ದುಪಡಿ ಬೇಕು. ಊರಿನ ದನಗಳ ಜೊತೆ 'ಹಾದುಹೋಗುವ ಮಂದೆ'ಗೂ ಇಷ್ಟು ದಿನ ಅಂತ ಸೇರಿಸಿ. 2024ರ ಅಕ್ಟೋಬರಿನಲ್ಲಿ ಶುರುವಾದ 21ನೇ ಜಾನುವಾರು ಗಣತಿಯಲ್ಲಿ ಮೊದಲ ಬಾರಿಗೆ ಪಶುಪಾಲಕರನ್ನು ಬೇರೆಯಾಗಿ ಎಣಿಸಲು ಹೊರಟರು. ತಾಣ ಎಲ್ಲಿ ಬೇಕು ಅಂತ ತೀರ್ಮಾನಿಸುವಾಗ ಆ ಲೆಕ್ಕ ಇಟ್ಟುಕೊಳ್ಳಿ, ಅದಕ್ಕಿಂತ ಮುಖ್ಯವಾಗಿ ಮಂದೆಯ ಹಿರಿಯರನ್ನು ಕರೆದು ಕೂರಿಸಿ. ನಕಾಶೆ ಅವರ ತಲೆಯಲ್ಲಿದೆ.

ರೈತ ಬಾಂಧವರಲ್ಲಿ ಒಂದು ಮಾತು. ಕುರಿ ಬೆಳೆಗೆ ನುಗ್ಗಿದಾಗ ಹೊಟ್ಟೆ ಉರಿಯುತ್ತದೆ, ನಿಜ. ನಷ್ಟ ಆದರೆ ನಷ್ಟ ಕೇಳೋಣ. ಪಂಚಾಯಿತಿಯ ಎದುರು, ಹೊಲ ನೋಡಿ, ಎರಡೂ ಕಡೆಯ ಹಿರಿಯರು ಕೂತು ಹೇಳಿದಷ್ಟು. ಕುರಿ ಕೂಡಿಹಾಕಿ ಬಾಯಿಗೆ ಬಂದಷ್ಟು ದಂಡ ಕೇಳುವುದು, ಟಗರು ಎಳೆದುಕೊಳ್ಳುವುದು, ಹೆಣ್ಣುಮಕ್ಕಳಿರುವ ಬಿಡಾರಕ್ಕೆ ಕುಡಿದು ಹೋಗುವುದು ಒಕ್ಕಲಿಗನ ಮರ್ಯಾದೆಗೆ ತಕ್ಕದ್ದಲ್ಲ. ಔಷಧಿ ಹೊಡೆದ ಹೊಲದ ಮೂಲೆಗೆ ಒಂದು ಕೆಂಪು ಬಟ್ಟೆ ಕಟ್ಟಿ. ಅಷ್ಟು ಮಾಡಿದರೆ ದೂರದಿಂದಲೇ ಮಂದೆ ತಿರುಗುತ್ತದೆ. ಬದುವನ್ನಾದರೂ ಔಷಧಿಯಿಂದ ಬಿಡಿ. ಕೊಯ್ಲಾದ ಮೇಲೆ ರೋಟಾವೇಟರ್ ಹೊಡೆಸಲು ಒಂದು ವಾರ ತಡ ಮಾಡಿ, ಆ ವಾರದಲ್ಲಿ ಮಂದೆ ಕರೆಸಿ. ಮುಂದಿನ ಬೆಳೆಗೆ ಗೊಬ್ಬರದ ಚೀಲ ಎಷ್ಟು ಕಮ್ಮಿಯಾಯಿತು ಅಂತ ನೀವೇ ಲೆಕ್ಕ ಹಾಕಿ ನೋಡಿ.

ನಮ್ಮ ಕಡೆ ಕಡಲೆ ಕೀಳುವುದು ಜನವರಿ ಕೊನೆಗೆ ಶುರುವಾಗುತ್ತದೆ. ಮಂದೆಗಳು ಆ ಹೊತ್ತಿಗೆ ಬರುತ್ತವೆ. ಅದಕ್ಕೆ ಮುಂಚೆ, ಡಿಸೆಂಬರಿನಲ್ಲಿ, ಗದಗ, ಬಾಗಲಕೋಟೆ, ಕೊಪ್ಪಳದ ಜಿಲ್ಲಾಧಿಕಾರಿಗಳು ಒಂದೇ ಒಂದು ಸಭೆ ಮಾಡಲಿ. ಕುರಿಗಾಹಿಗಳು, ರೈತರು, ಪಂಚಾಯಿತಿ, ಪಶುವೈದ್ಯರು, ಅರಣ್ಯದವರು, ಪೊಲೀಸರು ಎಲ್ಲರೂ ಇರಲಿ. ಮೊದಲ ವರ್ಷ ಈ ಮೂರು ಜಿಲ್ಲೆಗಳಲ್ಲಿ ದಾರಿ ಮತ್ತು ತಾಣ ಗುರುತಿಸಿ ನೋಡೋಣ.

ಸರಕಾರಿ ಜಮೀನು ಸಿಗದ ಊರುಗಳೂ ಇರುತ್ತವೆ, ನಮ್ಮದು ಅಂಥದ್ದು. ನಮ್ಮ ಹೊಲದಲ್ಲಿ ಹಳ್ಳಕ್ಕೆ ತಾಗಿದ ಒಂದು ತುಂಡು ಇದೆ. ಫೆಬ್ರುವರಿಯಿಂದ ಮೇ ತನಕ ಹಾದುಹೋಗುವ ಯಾವ ಮಂದೆ ಬೇಕಾದರೂ ಅಲ್ಲಿ ನಿಲ್ಲಬಹುದು ಅಂತ ಬರೆದುಕೊಡಲು ನಾನು ತಯಾರಿದ್ದೇನೆ. ಅದನ್ನು ಯಾವ ಕಚೇರಿಗೆ, ಯಾವ ನಮೂನೆಯಲ್ಲಿ ಕೊಡಬೇಕು ಅಂತ ದಯವಿಟ್ಟು ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ರೋಣ ತಾಲೂಕಿನ ಒಬ್ಬ ರೈತ